ಅಂಟು ಹಾಕಿದ ವಾಲ್ವು

ಹನ್ನೊಂದನೆಯ ಕಂತು

ಇನ್‌ಸ್ಪೆಕ್ಟರ್ ಮೇಡಂ ಅಪಘಾತದ ಕಾರಿನ ಬಾನೆಟ್ಟಿನ ಅಂಚಿಗೆ ಅಂಟಿಸಿದ್ದ ಕಾಗದದ ಸೀಲನ್ನು ಉಗುರಿನಿಂದ ಕೆರೆದು ಎಬ್ಬಿಸುತ್ತಿದ್ದಳು. ರಿಪೇರಿ ಶೆಡ್ಡಿನ ಮೇಸ್ತ್ರಿ ಪಕ್ಕದಲ್ಲಿ ನಿಂತು, ಒರೆಸಿಕೊಂಡ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

ಶುಕ್ರವಾರ ಸಂಜೆ ಆ ಸೀಲು ಹಾಕಿದ್ದವಳೂ ಅವಳೇ. ಅದರ ಮೇಲಿದ್ದ ತನ್ನ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲ್ಲೂ ಹರಿದಿರಲಿಲ್ಲ, ಎಬ್ಬಿಸಿ ಮತ್ತೆ ಅಂಟಿಸಿದ ಗುರುತೂ ಇರಲಿಲ್ಲ. ಮಡಚಿ ಡೈರಿಯೊಳಗೆ ಇಟ್ಟುಕೊಂಡಳು.

ಹಿಂದಿನ ಕಂತುಗಳನ್ನು ತಪ್ಪಿಸಿಕೊಂಡವರಿಗೆ ಒಂದೇ ಮಾತು. ಶುಕ್ರವಾರ ಊರಿನ ದನದ ಡಾಕ್ಟರು ತಮ್ಮ ಟರ್ಬೊ ಕಾರಿನಲ್ಲಿ ಸೇತುವೆಯ ತಿರುವಿಗೆ ಬಂದಾಗ ಎಂಜಿನ್ ನಿಂತು, ಸ್ಟೀರಿಂಗ್ ಕಲ್ಲಿನಂತೆ ಬಿಗಿದು, ಕಾರು ಕಟ್ಟೆಗೆ ಗುದ್ದಿತು; ಅವರು ಮೂರು ದಿನದಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ, ಅವರು ಕೆಲಸದಿಂದ ತೆಗೆದಿದ್ದ, ಸಣಕಲು ಮೈಗೆ ಕಡ್ಡಿ ಎಂದೇ ಹೆಸರಾದ ಡ್ರೈವರ್ ಠಾಣೆಯಲ್ಲಿದ್ದಾನೆ.

ಠಾಣೆಯಲ್ಲಿ ಜಾಗವಿಲ್ಲವೆಂದು ಕಾರನ್ನು ಎಳೆದು ತಂದು ಈ ಶೆಡ್ಡಿನ ಅಂಗಳದಲ್ಲೇ ನಿಲ್ಲಿಸಿದ್ದರು. ಮೇಸ್ತ್ರಿಯ ಕೈಯಿಂದ ಹೋದ ಕಾರು ಮೇಸ್ತ್ರಿಯ ಅಂಗಳಕ್ಕೇ ವಾಪಸು ಬಂದು, ಬಲಗಡೆಯ ದೀಪ ಒಡೆದುಕೊಂಡು, ಹಗಲೆಲ್ಲ ಅವನನ್ನೇ ನೋಡುತ್ತ ನಿಂತಿತ್ತು. ಅವನು ಅದರ ಕಡೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದ. ಬೆನ್ನಿಗೂ ಕಣ್ಣಿರುತ್ತದೆ ಎಂದು ಅವನಿಗೆ ಗೊತ್ತಾದದ್ದು ಆಗಲೇ.

ಇವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಕಡ್ಡಿಯ ಹೆಂಡತಿ ಬಂದು ನಿಂತಿದ್ದಳು. ಅಳಲಿಲ್ಲ, ಕೂಗಾಡಲಿಲ್ಲ. ಅತ್ತಿದ್ದರೆ ಮೇಸ್ತ್ರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅಣ್ಣ, ನನ್ನ ಗಂಡ ಬಾಯಿಹರುಕ ಹೌದು, ಡಾಕ್ಟರಿಗೆ ನಾಲ್ಕು ಜನರ ಎದುರಿಗೆ ಬೈದದ್ದೂ ಹೌದು, ಆದರೆ ಜೀವ ತೆಗೆಯುವವನಲ್ಲ. ಕಾರಿನ ವಿಷಯದಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ, ಏನಾದರೂ ಗೊತ್ತಿದ್ದರೆ ಹೇಳಿ ಎಂದಷ್ಟೇ ಕೇಳಿ ಹೊರಟುಹೋದಳು. ಅಣ್ಣ ಎಂದಿದ್ದಳಲ್ಲ, ಆ ಒಂದು ಪದ ಆಗಿನಿಂದ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದೆ ಏನು? ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

“ಮೇಸ್ತ್ರಿಗಳೇ,” ಎಂದಳು ಇನ್‌ಸ್ಪೆಕ್ಟರ್, “ನನಗೆ ಎಂಜಿನ್ ಅಂದ್ರೆ ಒಂದು ಕಬ್ಬಿಣದ ಪೆಟ್ಟಿಗೆ ಅಷ್ಟೆ. ಶಾಲೆ ಮಕ್ಕಳಿಗೆ ಹೇಳೋ ಹಾಗೆ ಹೇಳಿ.”

ವಾಹನ ತಪಾಸಣೆಯವರು ಬಂದು ಬ್ರೇಕು, ಟೈರು, ಸ್ಟೀರಿಂಗ್ ಎಲ್ಲ ನೋಡಿ ಸರಿಯಿದೆ ಎಂದು ಬರೆದುಕೊಟ್ಟು ಹೋಗಿದ್ದರು. ಬಾನೆಟ್ಟಿನ ಒಳಗೆ ಕೈಹಾಕುವುದಕ್ಕೆ ಮೊದಲೇ ಅವರಿಗೆ ಬೇರೆ ಊರಿನಿಂದ ಕರೆ ಬಂದಿತ್ತು. ಆದರೆ ಡಾಕ್ಟರ ಹೆಂಡತಿ ಒಂದು ಮಾತು ಹೇಳಿದ್ದರಂತೆ: ಹದಿನೈದು ದಿನದಿಂದ ಕಾರು ಆಕ್ಸಿಲರೇಟರಿನ ಮೇಲಿಂದ ಕಾಲು ತೆಗೆದ ಕೂಡಲೇ ಬುಸುಗುಡುತ್ತಿತ್ತು, ಮುಗ್ಗರಿಸುತ್ತಿತ್ತು, ಹೋದ ಸೋಮವಾರ ಮೇಸ್ತ್ರಿ ರಿಪೇರಿ ಮಾಡಿಕೊಟ್ಟರು. ಆ ಬುಸುಗುಡುವುದು ಏನು ಎಂದು ಇನ್‌ಸ್ಪೆಕ್ಟರಿಗೆ ತಿಳಿಯಬೇಕಿತ್ತು.

ಮೇಸ್ತ್ರಿ ಬಾನೆಟ್ ಎತ್ತಿ ಅದರ ಕಂಬಿ ಆನಿಸಿದ. ಪೆಟ್ಟು ಬಿದ್ದಿದ್ದು ಬಲಗಡೆಗೆ. ಎಡಗಡೆ ಒಂದು ಗೀರೂ ಇರಲಿಲ್ಲ. ಚಕ್ರದ ಹಿಂದೆ, ಎರಡು ದಪ್ಪ ಪೈಪುಗಳ ನಡುವೆ, ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಗುಂಡು ಮೂರು ಬೋಲ್ಟುಗಳಲ್ಲಿ ಕೂತಿತ್ತು. ಅದನ್ನು ಬೆರಳಿಟ್ಟು ತೋರಿಸಿದ.

ಕೆಲಸದ ವಿಷಯ ಬಂದರೆ ಅವನ ನಾಲಿಗೆ ಸಲೀಸು. ಟರ್ಬೊ ಅಂದರೆ ಒಂದು ಫ್ಯಾನು, ಎಂಜಿನ್ನಿಗೆ ಗಾಳಿಯನ್ನು ತುರುಕುತ್ತದೆ. ಕಾಲು ಒತ್ತಿರುವವರೆಗೆ ಸರಿ. ಕಾಲು ತೆಗೆದರೆ ಎಂಜಿನ್ನಿನ ಬಾಗಿಲು ಮುಚ್ಚಿಕೊಳ್ಳುತ್ತದೆ, ತುರುಕಿದ ಗಾಳಿಗೆ ಹೋಗಲು ದಾರಿಯಿಲ್ಲ. ಆ ಗಾಳಿಯನ್ನು ಹೊರಗೆ ಬಿಡುವುದೇ ಈ ಬ್ಲೋ ಆಫ್ ವಾಲ್ವು. ಇದರ ಹೊಟ್ಟೆಯಲ್ಲಿ ತೆಳುವಾದ ರಬ್ಬರಿನ ಪರದೆ ಇರುತ್ತದೆ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಆ ಪರದೆಯ ಮೇಲೆ ನಿಂತಿದೆ.

“ಪರದೆ ಹರಿದ್ರೆ?”

“ಗಾಳಿ ಸೋರುತ್ತೆ. ಕಾಲು ತೆಗೆದಾಗ ಎಂಜಿನ್ ಮುಗ್ಗರಿಸುತ್ತೆ. ಒಂದೊಂದು ಸಲ ನಿಂತೇ ಹೋಗುತ್ತೆ.”

“ಎಂಜಿನ್ ನಿಂತ್ರೆ ಸ್ಟೀರಿಂಗ್ ಬಿಗಿಯುತ್ತೆ.” ಆಕೆ ಕೇಳಲಿಲ್ಲ, ಹೇಳಿದಳು.

ಡೈರಿಯಲ್ಲಿ ಹಿಂದಿನ ಹಾಳೆ ತಿರುವಿ, ಶುಕ್ರವಾರ ಅವನೇ ಹೇಳಿ ಬರೆಸಿದ್ದ ಹೇಳಿಕೆಯನ್ನು ಓದಿದಳು. ಪೈಪಿನ ಕ್ಲಿಪ್ಪು ಸಡಿಲವಾಗಿತ್ತು, ಬಿಗಿ ಮಾಡಿ ಕಳಿಸಿದೆ, ಬೇರೇನೂ ದೋಷ ಇರಲಿಲ್ಲ. ಕೆಳಗೆ ಅವನದೇ ಸಹಿ, ಎಣ್ಣೆಯ ಹೆಬ್ಬೆರಳಿನ ಗುರುತಿನ ಸಮೇತ. ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಎಂಥ ಶಿಕ್ಷೆ ಅನ್ನುವುದು ಸುಳ್ಳು ಹೇಳಿದವರಿಗೇ ಗೊತ್ತು.

ಆಮೇಲೆ ಆಕೆ ಕಡ್ಡಿಯ ವಿಷಯಕ್ಕೆ ಬಂದಳು. ಗುರುವಾರ ಮಧ್ಯಾಹ್ನ ದನದ ಆಸ್ಪತ್ರೆಯ ಎದುರು, ಇದೇ ಕಾರಿನ ಎಡಗಡೆ ಮುಂದಿನ ಚಕ್ರದ ಪಕ್ಕ ಅವನು ಕುಕ್ಕರುಗಾಲಲ್ಲಿ ಕೂತಿದ್ದನ್ನು ಇಬ್ಬರು ನೋಡಿದ್ದರು. ಕೇಳಿದರೆ, ಚಪ್ಪಲಿ ಕಿತ್ತುಹೋಗಿತ್ತು, ಸರಿಮಾಡಿಕೊಳ್ಳುತ್ತಿದ್ದೆ ಅನ್ನುತ್ತಾನೆ. ಚಪ್ಪಲಿ ತೋರಿಸು ಅಂದರೆ ಅದು ಹೊಸದು. ಅವನನ್ನು ಹಿಡಿದದ್ದು ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ; ಇವತ್ತು ಹನ್ನೆರಡು ಗಂಟೆಯೊಳಗೆ ಒಂದೋ ಅವನನ್ನು ಕೋರ್ಟಿಗೆ ಹಾಜರು ಮಾಡಬೇಕು, ಇಲ್ಲವೋ ಬಿಡಬೇಕು. ಹಾಜರು ಮಾಡಿದರೆ ಕೊಲೆ ಯತ್ನ. ಡಾಕ್ಟರು ಕಣ್ಣು ಮುಚ್ಚಿದರೆ ಕೊಲೆ.

ಶೆಡ್ಡಿನ ಗಡಿಯಾರದಲ್ಲಿ ಹನ್ನೊಂದೂವರೆ.

ಮೇಸ್ತ್ರಿ ಕೌಂಟರಿನ ಕಡೆ ನೋಡಿದ. ಅಂಗಳದ ಪಕ್ಕಕ್ಕೇ ತಂತಿ ಜಾಲರಿಯ ಕಿಟಕಿ, ಅದರ ಹಿಂದೆ ಅಕ್ಕ. ಅಪ್ಪನ ಕಾಲದಿಂದ ಬಿಡಿಭಾಗಗಳ ಕೌಂಟರು ಅವಳದೇ. ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವನಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದು ಅಪ್ಪ ಅಂತ ಎಲ್ಲರೂ ತಿಳಿದಿದ್ದಾರೆ, ಕಲಿಸಿದ್ದು ಅಕ್ಕ. ಈಗ ಅವಳು ತಲೆ ತಗ್ಗಿಸಿಕೊಂಡು ನಟ್ಟುಗಳನ್ನು ಅಳತೆಯ ಪ್ರಕಾರ ಡಬ್ಬಿಗಳಿಗೆ ಹಾಕುತ್ತಿದ್ದಳು. ಪ್ರತಿ ಮಾತೂ ಅವಳ ಕಿವಿಗೆ ಬೀಳುತ್ತಿತ್ತು. ಅವಳೆದುರಿಗೆ ಹೇಳಬೇಕಲ್ಲ ಎಂಬ ಸಂಕಟಕ್ಕೇ ಅವನು ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ.

“ಮೇಡಂ, ಕಡ್ಡಿ ಏನೂ ಮಾಡಿಲ್ಲ,” ಎಂದ. “ಬರ್ಕೊಳ್ಳಿ. ಮಾಡಿದ್ದು ನಾನು.”

ಆಕೆ ಪೆನ್ನು ಎತ್ತಿದಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿಯೇ ಹೊರಬಂತು. ಹೋದ ಸೋಮವಾರ ಅವನು ಈ ವಾಲ್ವನ್ನು ಬಿಚ್ಚಿದಾಗ ಒಳಗಿನ ರಬ್ಬರು ಹರಿದಿತ್ತು. ಹೊಸದು ಅಂಗಡಿಯಲ್ಲಿರಲಿಲ್ಲ, ತರಿಸಬೇಕಿತ್ತು. ಡಾಕ್ಟರಿಗೆ ಆತುರ, ಯಾವುದೋ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಇನ್ನರ್ಧ ಗಂಟೆಯಲ್ಲಿ ಕಾರು ಬೇಕು ಎಂದರು. ಆಗುವುದಿಲ್ಲ, ಕಾರು ಇಲ್ಲೇ ಇರಲಿ ಎನ್ನಬೇಕಿತ್ತು. ಅದು ಅವನ ಬಾಯಿಗೆ ಬರಲಿಲ್ಲ. ಈ ಮೇಸ್ತ್ರಿಯ ಕೈಯಲ್ಲಿ ಆಗದ ಕೆಲಸವಿಲ್ಲ ಅಂತ ಡಾಕ್ಟರು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರಲ್ಲ, ಆ ಹೊಗಳಿಕೆಯ ಅಮಲು. ಹರಿದ ಕಡೆಗೆ, ಎಂಜಿನ್ನಿನ ಸಂದು ಮುಚ್ಚಲು ಬಳಸುವ ಕೆಂಪು ಗ್ಯಾಸ್ಕೆಟ್ ಅಂಟು ಹಚ್ಚಿ, ಒತ್ತಿ ಹಿಡಿದು, ಅದೇ ವಾಲ್ವನ್ನು ಕೂರಿಸಿದ.

“ಅಂಟು ಹಾಕಿದೀನಿ, ನಾಲ್ಕು ದಿನ ನಿಧಾನಕ್ಕೆ ಓಡಿಸಿ ಅಂತಾದ್ರೂ ಹೇಳಬೇಕಿತ್ತು. ಹೇಳಲಿಲ್ಲ ಮೇಡಂ. ಎಲ್ಲಾ ಸರಿಯಾಗಿದೆ ಸಾರ್, ಆರಾಮಾಗಿ ಹೋಗಿ ಅಂದೆ. ಅವರು ನನ್ನ ಬೆನ್ನು ತಟ್ಟಿ ಹೋದ್ರು.”

ಬೆನ್ನು ತಟ್ಟಿದ ಜಾಗ ಈಗಲೂ ಬಿಸಿಯಿದ್ದಂತೆ ಅನ್ನಿಸುತ್ತಿತ್ತು. ಶನಿವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಗಾಜಿನಾಚೆಯಿಂದ ಅವರನ್ನು ನೋಡಿದ್ದ. ಬಾಯಿಗೆ, ಮೂಗಿಗೆ ಪೈಪುಗಳು. ಗಾಳಿಯ ಪೈಪು ನೋಡಿದ ಮೇಲೆ ಅವನು ಅಲ್ಲಿ ಎರಡು ನಿಮಿಷ ನಿಲ್ಲಲಾರದೆ ಓಡಿಬಂದಿದ್ದ.

ಕೌಂಟರಿನಲ್ಲಿ ಡಬ್ಬಿಗೆ ನಟ್ಟು ಬೀಳುವ ಸದ್ದು ನಿಂತಿತ್ತು. ಅವನು ಆ ಕಡೆ ತಿರುಗಲಿಲ್ಲ.

ಇನ್‌ಸ್ಪೆಕ್ಟರ್ ಬರೆದುಕೊಂಡದ್ದನ್ನು ಓದಿ ಹೇಳಿದಳು, ಸಹಿ ಹಾಕಿಸಿಕೊಂಡಳು. ಗಡಿಯಾರ ನೋಡಿ ಠಾಣೆಗೆ ಫೋನ್ ಮಾಡಿ, ಕಡ್ಡಿಯನ್ನು ಬಿಟ್ಟು ಕಳಿಸಿ ಎಂದಳು. ಮೂರು ದಿನದಲ್ಲಿ ಮೊದಲ ಸಲ ಮೇಸ್ತ್ರಿ ಪೂರ್ತಿ ಉಸಿರು ಎಳೆದುಕೊಂಡ. ಮುಂದೆ ಏನಾದರೂ ಆಗಲಿ, ಆ ಹೆಣ್ಣುಮಗಳ ಮುಖ ನೋಡುವ ಹಾಗಾಯಿತು ಎಂದುಕೊಂಡ. ಪಾಪ, ಅವನ ನೆಮ್ಮದಿಯ ಆಯಸ್ಸು ಹತ್ತು ನಿಮಿಷ.

“ಈಗ ಆ ಸೋರಿಕೆ ತೋರಿಸಿ,” ಎಂದಳು ಆಕೆ.

ಅವನು ಮೊದಲಿನಿಂದ ಶುರುಮಾಡಿದ. ಗಾಳಿ ಒಳಹೋಗುವ ದಪ್ಪ ಪೈಪಿನ ಬಾಯಿಗೆ ಮುಚ್ಚಳ ಬಿಗಿದು, ಮುಚ್ಚಳದ ತೂತಿಗೆ ಕಂಪ್ರೆಸರಿನ ಗಾಳಿಯನ್ನು ಮೆಲ್ಲಗೆ ಬಿಟ್ಟ. ಬಾಟಲಿಯಲ್ಲಿ ಸೋಪಿನ ನೀರು ಕಲಸಿಕೊಂಡ. ಸೋರುವುದು ಹೇಗಿರುತ್ತದೆ ಅಂತ ಆಕೆಗೆ ಗೊತ್ತಾಗಲಿ ಎಂದು ಬೇಕೆಂದೇ ಒಂದು ಕ್ಲಿಪ್ಪು ಸಡಿಲಿಸಿ ನೀರು ಚಿಮುಕಿಸಿದ. ಸಂದಿನಲ್ಲಿ ಗುಳುಗುಳು ಗುಳ್ಳೆಗಳೆದ್ದವು. ಕ್ಲಿಪ್ಪು ಬಿಗಿದ, ಗುಳ್ಳೆ ನಿಂತಿತು.

ಆಮೇಲೆ ವಾಲ್ವಿಗೆ ಚಿಮುಕಿಸಿದ. ಮೇಲಿನಿಂದ, ಪಕ್ಕದಿಂದ, ಬುಡದಿಂದ. ಸೋಪಿನ ನೀರು ಸುಮ್ಮನೆ ಇಳಿದುಹೋಯಿತು. ಒಂದು ಗುಳ್ಳೆಯಿಲ್ಲ.

ಗಾಳಿ ಸ್ವಲ್ಪ ಜಾಸ್ತಿ ಬಿಟ್ಟ. ಇಲ್ಲ.

ವಾಲ್ವಿನ ತಲೆಗೆ ಬರುವ ಸಣ್ಣ ಪೈಪು ಕಿತ್ತು, ಆ ಮೂತಿಗೆ ಗಾಳಿ ಎಳೆಯುವ ಕೈಪಂಪು ಸಿಕ್ಕಿಸಿ ಎಳೆದ. ಪರದೆ ಸೋರಿದರೆ ಪಂಪಿನ ಮುಳ್ಳು ಜಾರಿ ಸೊನ್ನೆಗೆ ಬೀಳಬೇಕು. ಮುಳ್ಳು ಏರಿತು, ಏರಿದಲ್ಲೇ ನಿಂತಿತು. ಅವನು ಒಂದರಿಂದ ಅರವತ್ತರವರೆಗೆ ಎಣಿಸಿದ. ಅಲ್ಲಾಡಲಿಲ್ಲ.

“ಏನಾಯ್ತು?” ಎಂದು ಆಕೆ ಕೇಳಿದಳು. ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಅಂಟು ಹಚ್ಚಿದ ಪರದೆ ಇಷ್ಟು ಗಟ್ಟಿ ನಿಲ್ಲುವುದುಂಟೇ? ನಿಂತಿದ್ದರೆ ಎಂಜಿನ್ ಯಾಕೆ ನಿಂತಿತು?

ಮೂರು ಬೋಲ್ಟು ಬಿಚ್ಚಿ ವಾಲ್ವನ್ನು ಹೊರಗೆ ತೆಗೆದ. ಕೈಗೆ ಬಂದ ಕೂಡಲೇ ಬೆಳಕಿಗೆ ತಿರುಗಿಸಿದ. ಪೈಪುಗಳ ಮರೆಯಲ್ಲಿದ್ದ ಅದರ ಬುಡದ ಅಲ್ಯೂಮಿನಿಯಂ ಹೊಸದರಂತೆ ಹೊಳೆಯುತ್ತಿತ್ತು. ಮುಚ್ಚಳ ಬಿಚ್ಚಿದ. ಒಳಗೆ ಕಪ್ಪು ರಬ್ಬರು, ಪುಡಿ ಹಚ್ಚಿದ ಹಾಗೆ ಹೊಸದು. ಕೆಂಪು ಅಂಟಿನ ಸುಳಿವಿಲ್ಲ.

“ನೀವು ಹಚ್ಚಿದ ಅಂಟು ಎಲ್ಲಿ ಮೇಸ್ತ್ರಿಗಳೇ?”

ಆಕೆ ವಾಲ್ವನ್ನು ನೋಡುತ್ತಿರಲಿಲ್ಲ. ಅವನ ಮುಖ ನೋಡುತ್ತಿದ್ದಳು.

ಯಾರು ಮಾಡಿರಬಹುದು ಎಂದು ಯೋಚಿಸುವುದಕ್ಕೆ ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇಡವೆಂದರೂ ತಲೆ ತಾನೇ ಲೆಕ್ಕ ಹಾಕಿತು. ಈ ಶೆಡ್ಡಿನಲ್ಲಿ ಅಪ್ಪ ಮಾಡಿಟ್ಟ ಒಂದು ಕಟ್ಟಳೆಯಿದೆ: ಹಳೇದು ಕೌಂಟರಿಗೆ ಬರದೆ ಹೊಸದು ಈಚೆಗೆ ಬರುವುದಿಲ್ಲ. ಕಾರಿನಿಂದ ಬಿಚ್ಚಿದ್ದನ್ನು ಅಕ್ಕನ ಎದುರು ಇಟ್ಟರೇ ಹೊಸ ಭಾಗ ಸಿಗುವುದು, ತಮ್ಮನಾದರೂ ಅಷ್ಟೇ. ಸೋಮವಾರ ಅವನು ಹೊಸ ವಾಲ್ವು ಕೇಳಿದ್ದ. ಇಲ್ಲ, ತರಿಸುತ್ತೇನೆ, ಅಲ್ಲಿಯವರೆಗೆ ಕಾರು ಬಿಡಬೇಡ ಎಂದಿದ್ದಳು. ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಾರು ಹೋಗಿತ್ತು. ಹಳೇ ವಾಲ್ವು ಕೌಂಟರಿಗೆ ಬಂದಿರಲಿಲ್ಲ. ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಪಾರ್ಸಲ್ ಬಂತು. ಶನಿವಾರ ಮಧ್ಯಾಹ್ನ ಅವನು ಆಸ್ಪತ್ರೆಗೆ ಹೋಗಿದ್ದಾಗ ಶೆಡ್ಡಿನಲ್ಲಿ ಇದ್ದವಳು ಅವಳೊಬ್ಬಳೇ.

ಅಯ್ಯೋ ಅಕ್ಕಾ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ ಎಂದು ಅವನ ಜೀವ ಬಾಯಿಗೆ ಬಂತು. ತನ್ನ ಎದೆಯ ಭಾರ ಇಳಿಸಿಕೊಳ್ಳಲು ಹೋಗಿ ಅದನ್ನು ಅವಳ ತಲೆಯ ಮೇಲೆ ಹೊರಿಸಿದ್ದ.

“ನಾನೇ ಬದಲಾಯಿಸಿದೆ,” ಎಂದ. “ಹೇಳೋಕೆ ಮರೆತೆ.”

“ಸೀಲು ಹರಿಯದೆ?”

“ಚಕ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದೆಯಲ್ಲ ಮೇಡಂ, ಅದನ್ನ ಬಿಚ್ಚಿದ್ರೆ ಕೆಳಗಿನಿಂದ ಕೈ ಹೋಗುತ್ತೆ. ಬಾನೆಟ್ ತೆಗೀಬೇಕಾಗಿಲ್ಲ.”

ಸುಳ್ಳಿನೊಳಗೆ ಇಷ್ಟು ನಿಜವಿತ್ತು. ಆ ದಾರಿಯಿಂದ ವಾಲ್ವು ಮುಟ್ಟಬಹುದು ಎಂದು ಈ ಕಾರಿನ ಕೆಲಸ ಬಲ್ಲವರಿಗೆಲ್ಲ ಗೊತ್ತು.

ಆಕೆ ಡೈರಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. ಹಾಗಾದರೆ ಕೈ ಹಾಕಿ ತೋರಿಸಿ ಎಂದಳು.

ಮೇಸ್ತ್ರಿ ಎಡಗಡೆಯ ಚಕ್ರದ ಪಕ್ಕ ಮಂಡಿಯೂರಿದ. ಹೊದಿಕೆಯ ಗುಂಡಿಗಳನ್ನು ಒಂದೊಂದಾಗಿ ಎಬ್ಬಿಸಿ ಮಡಚಿದ. ಕತ್ತಲೆಯ ಸಂದು ಕಾಣಿಸಿತು. ಬಲಗೈ ತೂರಿಸಿದ. ಮುಂಗೈ ಹೋಯಿತು. ಮೊಣಕೈ ಹತ್ತಿರ ಬಂದಾಗ ಸಿಕ್ಕಿಕೊಂಡಿತು. ಅವನದು ಒನಕೆಯಂಥ ತೋಳು. ಗೇರ್‌ಬಾಕ್ಸ್ ಎತ್ತುವುದಕ್ಕೆ ಎತ್ತಿದ ಕೈ, ಸಂದಿಗೆ ಬಾರದ ಕೈ. ತಿರುಗಿಸಿದ, ಹೊರಳಿಸಿದ, ಎಡಗೈ ಹಾಕಿದ. ತಗಡಿನ ಅಂಚು ಚರ್ಮ ಕಿತ್ತು ರಕ್ತ ಜಿನುಗಿತು. ಬೆರಳ ತುದಿಗೂ ವಾಲ್ವಿದ್ದ ಜಾಗಕ್ಕೂ ನಡುವೆ ಇನ್ನೂ ಒಂದು ಗೇಣು ಉಳಿದಿತ್ತು.

“ಸಾಕು,” ಎಂದಳು ಇನ್‌ಸ್ಪೆಕ್ಟರ್. ಬೈಗುಳ ಇರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೇ ಚೆನ್ನಾಗಿತ್ತು.

ಅವನು ಕೈ ಹೊರಗೆಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಮುಂದಿನ ಪ್ರಶ್ನೆ ಬರುತ್ತದೆ. ಹಾಗೇ ಮಂಡಿಯೂರಿ ಕೂತಿದ್ದ. ಕೌಂಟರಿನ ಬಾಗಿಲ ಚಿಲಕ ತೆಗೆದ ಸದ್ದು ಕೇಳಿಸಿತು. ಬರಬೇಡ ಎಂದು ಕೂಗಬೇಕೆನ್ನಿಸಿತು.

ಅಕ್ಕ ಬಂದು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಚಿಕ್ಕವನಿದ್ದಾಗ ಒಲೆಯ ಹತ್ತಿರ ಹೋದರೆ ಹೀಗೇ ಸರಿಸುತ್ತಿದ್ದಳು. ತೋಳಿನ ಬಟ್ಟೆ ಮಡಚಿ, ನೆಲದ ಮೇಲೆ ಕೂತು, ಸಂದಿಯೊಳಗೆ ಕೈ ಹಾಕಿದಳು. ಭುಜದವರೆಗೂ ಹೋಯಿತು. ಬಾನೆಟ್ಟಿನ ಕಡೆಯಿಂದ ನೋಡುತ್ತಿದ್ದ ಇನ್‌ಸ್ಪೆಕ್ಟರಿಗೆ ವಾಲ್ವಿದ್ದ ಜಾಗದಲ್ಲಿ ಅವಳ ಐದೂ ಬೆರಳು ಕಂಡವು.

ಕೈ ಹೊರಗೆ ತೆಗೆದು, ಬಟ್ಟೆ ಇಳಿಸಿಕೊಂಡು, ಅವಳು ನಿಧಾನವಾಗಿ ಹೇಳಿದಳು. ಬದಲಾಯಿಸಿದ್ದು ತಾನು. ತಮ್ಮ ಹರಿದ ವಾಲ್ವನ್ನೇ ಹಾಗೇ ಹಾಕಿ ಕಾರು ಕಳಿಸಿಬಿಟ್ಟಿದ್ದಾನೆ ಎಂದು ತಿಳಿದಿದ್ದಳು. ತಪಾಸಣೆಯವರು ಬಿಚ್ಚಿ ನೋಡಿದರೆ ಅವನ ಗತಿ ಏನು ಎಂದು ಹೆದರಿ, ಶನಿವಾರ ಪಾರ್ಸಲ್ಲಿನಲ್ಲಿ ಬಂದ ಹೊಸದನ್ನು ಕೂರಿಸಿದಳು. ಮಾಡಬಾರದಿತ್ತು ಎಂದು ಗೊತ್ತಿತ್ತು. ನಿನ್ನೆಯಿಂದ ಒಬ್ಬ ಡ್ರೈವರ್ ಠಾಣೆಯಲ್ಲಿ ಕೂತಿದ್ದಾನೆ ಎನ್ನುವುದೂ ಗೊತ್ತಿತ್ತು. ಬೆಳಿಗ್ಗೆ ಅವನ ಹೆಂಡತಿ ಬಂದಾಗ ತಾನು ಕೌಂಟರಿನ ಕೆಳಗೆ ಬಗ್ಗಿ ಏನೋ ಹುಡುಕುವ ನಾಟಕ ಮಾಡಿದ್ದನ್ನೂ ಅವಳು ಬಿಡದೆ ಹೇಳಿದಳು.

“ಅಂಟಿನ ವಿಷಯ ನಿಮಗೆ ಗೊತ್ತಿರಲಿಲ್ವಾ?” ಎಂದು ಇನ್‌ಸ್ಪೆಕ್ಟರ್ ಕೇಳಿದಳು.

“ಈಗ ಇವನು ಹೇಳಿದಾಗಲೇ ಕೇಳಿದ್ದು. ಅದಕ್ಕೇ ಎದ್ದು ಬಂದೆ.” ಅಕ್ಕ ತಮ್ಮನ ಕಡೆ ತಿರುಗಿದಳು. “ನಾನು ಬಿಚ್ಚಿದ ವಾಲ್ವಿನಲ್ಲಿ ಅಂಟು ಇರಲಿಲ್ಲ ಕಣೋ.”

ಅವನಿಗೆ ಅರ್ಥವಾಗಲಿಲ್ಲ.

“ಒಂದು ಚೂರೂ ಇರಲಿಲ್ಲ. ಹಳೇದನ್ನ ಬಿಚ್ಚಿ ನೋಡದೆ ನಾನು ಯಾವತ್ತಾದ್ರೂ ಡಬ್ಬಕ್ಕೆ ಹಾಕಿದೀನಾ? ಬಿಚ್ಚಿದೆ. ರಬ್ಬರು ನಡುವೆ ಅಡ್ಡಕ್ಕೆ ಸೀಳಿತ್ತು. ನೇರವಾಗಿ, ಬ್ಲೇಡಲ್ಲಿ ಕೊಯ್ದ ಹಾಗೆ. ಹರಿದಿದ್ದು ಹೀಗೇ ಇತ್ತೇನೋ ಅಂದ್ಕೊಂಡೆ.”

ಅವನು ಕಂಡದ್ದು ಅಂಚಿನಲ್ಲಿ, ಉಗುರಿನಂತೆ ಬಾಗಿದ ಹರಕು. ಅದರ ಮೇಲೆ ಕೆಂಪು ಅಂಟು. ಒಣಗಿದ ಮೇಲೆ ಚಾಕು ಹಾಕಿ ಕೆರೆದರೂ ಬಣ್ಣ ಬಿಡದ ಅಂಟು. ಅಂದರೆ ಅವನು ಕೂರಿಸಿದ ವಾಲ್ವನ್ನು ಯಾರೋ ಸೇತುವೆಗೆ ಮೊದಲೇ ತೆಗೆದು, ಕೊಯ್ದ ಇನ್ನೊಂದನ್ನು ಹಾಕಿದ್ದರು. ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸಣ್ಣ ತೋಳನ್ನು ಆ ಸಂದಿಗೆ ತೂರಿಸಿ.

ಇನ್‌ಸ್ಪೆಕ್ಟರಿಗೆ ಅದು ಅವನಿಗಿಂತ ಮೊದಲೇ ಹೊಳೆದಿತ್ತು. ಆಗಲೇ ಫೋನ್ ಕಿವಿಗೆ ಹಿಡಿದಿದ್ದಳು. ಆ ಕಡೆಯಿಂದ ಬಂದ ಉತ್ತರ ಅಂಗಳಕ್ಕೆಲ್ಲ ಕೇಳಿಸಿತು. ಕಡ್ಡಿ ಹೋಗಿ ಆಗಲೇ ಕಾಲು ಗಂಟೆಯಾಗಿದೆ. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು, ಇಬ್ಬರೂ ಮನೆಯ ದಾರಿ ಹಿಡಿಯಲಿಲ್ಲ, ಬಸ್ ನಿಲ್ದಾಣದ ಕಡೆ ಹೋದರು.

“ಆ ಹಳೇ ವಾಲ್ವು ಎಲ್ಲಿ?” ಆಕೆಯ ದನಿ ಮೊದಲ ಸಲ ಗಡಸಾಯಿತು.

ಅಕ್ಕ ಖಾಲಿ ಡಬ್ಬದ ಕಡೆ ಕೈ ತೋರಿಸಿದಳು. ಭಾನುವಾರ ಬೆಳಿಗ್ಗೆ ಗುಜರಿ ಲಾರಿ ಬಂದಿತ್ತು. ಹಳೇ ಸಾಮಾನಿನ ಡಬ್ಬವನ್ನು ತಾನೇ ಎತ್ತಿ ಅದಕ್ಕೆ ಸುರಿದಿದ್ದಳು. ಅಲ್ಯೂಮಿನಿಯಂ ಎಲ್ಲ ಅದೇ ದಿನ ಕುಲುಮೆಗೆ ಹೋಗುತ್ತದೆ. ತಮ್ಮನನ್ನು ಉಳಿಸುತ್ತೇನೆಂದು, ಅವನನ್ನು ಉಳಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿಯನ್ನು ಕರಗಿಸಲು ಕೊಟ್ಟಿದ್ದಳು. ಅದನ್ನು ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಅಪ್ಪ ಹೋದಾಗಲೂ ಇವನೆದುರು ಅಳದವಳು.

ಇನ್‌ಸ್ಪೆಕ್ಟರ್ ಫೋನನ್ನು ಜೇಬಿಗೆ ಹಾಕಿಕೊಂಡಳು. ಕಡ್ಡಿಯನ್ನು ಬಿಡಿ ಎಂದು ಆತುರಪಟ್ಟು ಫೋನು ಮಾಡಿದ್ದಕ್ಕೆ ಆಕೆಗೆ ತನ್ನ ಮೇಲೇ ಸಿಟ್ಟು ಬಂದದ್ದು ಮುಖದಲ್ಲಿ ಕಾಣುತ್ತಿತ್ತು.

“ಅಮ್ಮಾ, ತಮ್ಮನಿಗೋಸ್ಕರ ಶನಿವಾರ ಸಾಕ್ಷಿ ಬದಲಾಯಿಸಿದ್ರಿ. ಇವತ್ತು ಅವನಿಗೋಸ್ಕರ ಒಂದು ಕಥೆ ಕಟ್ಟಿಲ್ಲ ಅಂತ ನಾನು ಹೇಗೆ ನಂಬಲಿ? ಅಂಟು ಇರಲಿಲ್ಲ ಅನ್ನೋಕೆ ನಿಮ್ಮ ಬಾಯಿ ಬಿಟ್ರೆ ಬೇರೇನಿದೆ?”

ಆಕೆ ಮೇಸ್ತ್ರಿಯ ಕಡೆ ತಿರುಗಿದಳು. ಅವಳ ಮಾತು ನಿಜವಾದರೆ ಈಗಲೇ ಬಸ್ ನಿಲ್ದಾಣಕ್ಕೆ ಜನ ಓಡಬೇಕು, ಕೊಲೆಗೆ ಯತ್ನಿಸಿದವನೆಂದು ಹೆಂಡತಿಯ ಎದುರಿಗೇ ಕಡ್ಡಿಯ ಕೈಗೆ ಕೋಳ ಬೀಳುತ್ತದೆ. ಸುಳ್ಳಾದರೆ ಅವನು ಅಮಾಯಕ, ಈ ಹೆಂಗಸು ಸಾಕ್ಷ್ಯ ನಾಶಕ್ಕೂ ಸುಳ್ಳು ಹೇಳಿಕೆಗೂ ಈಗಲೇ ಜೀಪು ಹತ್ತಬೇಕು.

“ಹುಟ್ಟಿದಾಗಿನಿಂದ ಇವರನ್ನ ನೋಡಿದೀರಿ. ನೀವೇ ಹೇಳಿ. ನಿಜಾನಾ, ಸುಳ್ಳಾ?”

ಮೇಸ್ತ್ರಿ ಅಕ್ಕನ ಮುಖ ನೋಡಿದ. ಅವಳು ತನಗಾಗಿ ಹೇಳಿದ ಸುಳ್ಳುಗಳೆಲ್ಲ ಅವನಿಗೆ ಗೊತ್ತಿದ್ದವು. ಅಪ್ಪನೆದುರು, ಮಾಸ್ತರರ ಎದುರು, ಹೆಣ್ಣು ನೋಡಲು ಹೋದ ಮನೆಯವರೆದುರು. ಒಂದು ಸಲವೂ ಅವಳ ಕಣ್ಣು ಅಲ್ಲಾಡಿರಲಿಲ್ಲ. ಈಗಲೂ ಅಲ್ಲಾಡುತ್ತಿರಲಿಲ್ಲ.

ನಿಜ ಅನ್ನಬೇಕು ಎಂದು ಅವನ ಮೈಯೆಲ್ಲ ಹಂಬಲಿಸಿತು. ನಿಜ ಅಂದರೆ ಡಾಕ್ಟರನ್ನು ಆಸ್ಪತ್ರೆ ಸೇರಿಸಿದವನು ಅವನಲ್ಲ, ಅಂಟು ಹಿಡಿದಿತ್ತು, ಕೈ ತಪ್ಪಿರಲಿಲ್ಲ. ಆ ಆಸೆ ಎಷ್ಟು ಜೋರಾಗಿ ಬಂತೆಂದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬೆಳಿಗ್ಗೆ ಅಣ್ಣ ಎಂದು ಕರೆದವಳ ಗಂಡನ ಕುತ್ತಿಗೆಯನ್ನು ಅದೇ ಆಸೆ ಈಗ ಕೇಳುತ್ತಿತ್ತು.

“ಗೊತ್ತಿಲ್ಲ ಮೇಡಂ,” ಎಂದ.

ಅಕ್ಕ ಅವನ ಮುಖ ನೋಡಲಿಲ್ಲ. ಕೌಂಟರಿನ ಕೀಲಿಗೊಂಚಲನ್ನು ಸೊಂಟದಿಂದ ಬಿಚ್ಚಿ ಅವನ ಪಕ್ಕದ ಟೂಲ್ ಪೆಟ್ಟಿಗೆಯ ಮೇಲೆ ಇಟ್ಟು, ತಾನಾಗಿಯೇ ಜೀಪಿನ ಕಡೆ ನಡೆದಳು.